ಹೊಸ ಪಿಕಪ್‌ಗೆ ಜಲ್ಲಿ ಏಟು ಬಿದ್ದಿದೆ, ಪೇಂಟ್ ಉಳಿಸಿಕೊಳ್ಳೋದು ಹೇಗೆ?

ಮದ್ದೂರು ಎಳನೀರು

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಬೊಲೆರೊ ಪಿಕಪ್ ತಗೊಂಡೆ. ಬಿಳಿ ಬಣ್ಣ. ಹನ್ನೊಂದು ವರ್ಷ ಬೇರೆಯವರ ಗಾಡಿ ಓಡಿಸಿದ ಮೇಲೆ ನನ್ನ ಹೆಸರಿಗೆ ಬಂದ ಮೊದಲ ಗಾಡಿ ಇದು. ಮದ್ದೂರು ಎಪಿಎಂಸಿಯಲ್ಲಿ ಎಳನೀರು ತುಂಬಿಕೊಂಡು ವಾರಕ್ಕೆ ನಾಲ್ಕು ದಿನ ಮೈಸೂರು, ಎರಡು ದಿನ ಮಳವಳ್ಳಿ ಮೇಲೆ ಕೊಳ್ಳೇಗಾಲ.

ಮೊನ್ನೆ ಮಳವಳ್ಳಿ ರಸ್ತೆಯಲ್ಲಿ ಎದುರಿಗೆ ಜಲ್ಲಿ ಟಿಪ್ಪರ್ ಬಂತು. ಮೇಲೆ ಟಾರ್ಪಲ್ ಇರಲಿಲ್ಲ. ಪಕ್ಕದಲ್ಲಿ ದಾಟುವಾಗ ಪಟಪಟ ಅಂತ ಸದ್ದು. ಗ್ಲಾಸ್ ಉಳಿಯಿತು. ಮನೆಗೆ ಬಂದು ನೋಡಿದರೆ ಬಾನೆಟ್ ಮುಂದಿನ ಅಂಚಿನಲ್ಲಿ ಮೂರು ಕಡೆ, ಗ್ಲಾಸಿನ ಮೇಲೆ ಟಾಪ್ ಅಂಚಿನಲ್ಲಿ ಒಂದು ಕಡೆ ಪೇಂಟ್ ಎದ್ದಿದೆ. ಬಾನೆಟ್ ಮೇಲಿನವು ಕಡಲೆಬೇಳೆಯಷ್ಟು ಅಗಲ, ಒಳಗೆ ಬೂದು ಬಣ್ಣ ಕಾಣುತ್ತದೆ. ಟಾಪಿನದು ಎಳ್ಳುಕಾಳಿನಷ್ಟೇ, ಆದರೆ ಒಳಗೆ ತಗಡು ಹೊಳೆಯುತ್ತಿದೆ. ರಾತ್ರಿ ಟಾರ್ಚ್ ಹಿಡಿದು ಎರಡು ಸಲ ಹೋಗಿ ನೋಡಿ ಬಂದೆ. ಮನಸ್ಸು ತಡೆಯಲಿಲ್ಲ.

ಮೈಸೂರಿನಲ್ಲಿ ಒಂದು ಕಡೆ ಫುಲ್ ಬಾಡಿ ಪಿಪಿಎಫ್ (ಪೇಂಟ್ ಕಾಯಲು ಮೇಲೆ ಅಂಟಿಸುವ ಫಿಲ್ಮ್) ಹಾಕಿಸಿ, ಒಂದು ಲಕ್ಷದ ಮೇಲಾಗುತ್ತೆ ಅಂದರು. ಇನ್ನೊಂದು ಕಡೆ ಸೆರಾಮಿಕ್ ಕೋಟಿಂಗ್ 18,000, ಕಲ್ಲು ಬಿದ್ದರೂ ಏನೂ ಆಗಲ್ಲ ಅಂದರು. ಗಾಡಿ ಸಾಲದ ಕಂತು ಈಗಷ್ಟೇ ಶುರುವಾಗಿದೆ. ಸುಮ್ನೆ ದುಡ್ಡು ಕಳೆಯಕ್ಕೆ ಆಗಲ್ಲ. ಹಾಗಂತ ಗಾಡಿ ಹಾಳಾಗೋದನ್ನ ನೋಡಿಕೊಂಡು ಕೂರಕ್ಕೂ ಆಗಲ್ಲ. ತಿಳಿದವರು ಹೇಳಿ.

ಪಾಂಡವಪುರದ ಹುಡುಗ

ಅಣ್ಣ, ಮುಂದೆ ಒಂದು ಗಟ್ಟಿ ಕ್ರ್ಯಾಶ್ ಗಾರ್ಡ್ ಹಾಕಿಸಿ, ಬಾನೆಟ್‌ಗೆ ಕಪ್ಪು ರೆಕ್ಸಿನ್ ಕವರ್ ಕಟ್ಟಿಸಿ. ನಮ್ಮ ಮಾವನ ಗಾಡಿಗೆ ಹಾಗೇ ಮಾಡಿದ್ದಾರೆ. ನೋಡೋಕೂ ಚೆನ್ನಾಗಿರುತ್ತೆ.

ಮೇಟಗಳ್ಳಿ ಪೇಂಟರ್

ಅಣ್ಣಾ, ಬೇರೆ ಮಾತೆಲ್ಲ ಆಮೇಲೆ. ಟಾಪ್ ಅಂಚಿನ ಆ ಎಳ್ಳುಕಾಳಿನಷ್ಟು ಜಾಗವನ್ನು ಈ ವಾರವೇ ಮುಚ್ಚಿ. ಬಾನೆಟ್ಟಿನ ಮೂರು ಏಟು ನಾಲ್ಕು ದಿನ ಕಾದರೂ ನಡೆಯುತ್ತದೆ. ಇದು ಕಾಯಲ್ಲ.

ಯಾಕೆ ಅಂತ ಹೇಳುತ್ತೇನೆ. ಕಂಪನಿಯಲ್ಲಿ ಬಾಡಿಯನ್ನು ಇಡಿಯಾಗಿ ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟ್ ಹರಿಸಿ ಮೊದಲ ಪದರ ಹಿಡಿಸುತ್ತಾರೆ. ತುಕ್ಕು ತಡೆಯುವುದು ಅದೇ. ನಿಮಗೆ ಬೂದು ಬಣ್ಣ ಕಾಣುತ್ತಿದೆ ಅಂದರೆ ಅಲ್ಲಿ ಪ್ರೈಮರ್ ಇನ್ನೂ ಇದೆ. ತಗಡು ಹೊಳೆಯುತ್ತಿದೆ ಅಂದರೆ ಅದೂ ಹೋಗಿದೆ. ಏಟಿನ ಅಗಲ ನೋಡಬೇಡಿ, ಆಳ ನೋಡಿ.

ನಾನು ಮಂಡ್ಯದಲ್ಲಿ ಕೆಲಸ ಕಲಿಯುವಾಗ ಕಬ್ಬಿನ ಲಾರಿಯೊಂದು ಬಂತು. ಮಳೆ ಬಂದರೆ ಡ್ರೈವರ್ ತೊಡೆ ಮೇಲೆ ನೀರು ತೊಟ್ಟಿಕ್ಕುತ್ತದೆ ಅನ್ನುವುದು ದೂರು. ಗ್ಲಾಸಿನ ಮೇಲೆ ಪೇಂಟಿನಲ್ಲಿ ಒಂದು ಗುಳ್ಳೆ, ಸಾಸಿವೆ ಒಗ್ಗರಣೆಗೆ ಸಿಡಿದು ಕೂತ ಹಾಗೆ, ಅಷ್ಟೇ ಇದ್ದದ್ದು. ಉಸ್ತಾದರು ರಬ್ಬರ್ ಬೀಡಿಂಗ್ ಎಬ್ಬಿಸಿ ಸ್ಕ್ರೂಡ್ರೈವರ್ ತುದಿ ಒತ್ತಿದರು. ಸಲೀಸಾಗಿ ಒಳಗೆ ಹೋಯಿತು. ತಗಡು ಹಪ್ಪಳದ ಹಾಗೆ ಪದರ ಪದರವಾಗಿ ಕೈಗೆ ಬಂತು. ಗ್ಲಾಸ್ ಇಳಿಸಿ, ತಗಡು ಕತ್ತರಿಸಿ, ವೆಲ್ಡಿಂಗ್, ಪುಟ್ಟಿ, ಪೇಂಟ್. ಹಂಗಾಮಿನ ಮಧ್ಯದಲ್ಲಿ ಒಂಬತ್ತು ದಿನ ಲಾರಿ ನಿಂತಿತು. ಆ ಓನರ್ ದಿನಾ ಸಾಯಂಕಾಲ ಬಂದು ಸ್ಟೂಲ್ ಮೇಲೆ ಕೂರುತ್ತಿದ್ದರು. ಅವರ ಮುಖ ನನಗೆ ಇನ್ನೂ ಕಣ್ಣ ಮುಂದೆ ಇದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮುಚ್ಚುವುದು ನೀವೇ ಮಾಡಬಹುದು. ಗಾಡಿ ಮೇಲಿನ ಪ್ಲೇಟ್ ಅಥವಾ ಸ್ಟಿಕ್ಕರ್‌ನಲ್ಲಿ ಪೇಂಟ್ ಕೋಡ್ ಇರುತ್ತದೆ, ಫೋಟೋ ತೆಗೆದುಕೊಳ್ಳಿ. ಬಿಳಿಯಲ್ಲೇ ಎಷ್ಟೋ ಬಗೆ ಇವೆ, ಕಣ್ಣಳತೆಯಲ್ಲಿ ತಂದರೆ ಹೊಂದಲ್ಲ. ಪೇಂಟ್ ಮಿಕ್ಸ್ ಮಾಡುವ ಅಂಗಡಿಯಲ್ಲಿ ಕೋಡ್ ತೋರಿಸಿದರೆ ಚಿಕ್ಕ ಡಬ್ಬಿ ಮಾಡಿಕೊಡುತ್ತಾರೆ. ಜೊತೆಗೆ ಸ್ವಲ್ಪ ಮೆಟಲ್ ಪ್ರೈಮರ್ ತನ್ನಿ. ಬೆಳಗ್ಗೆ ತಗಡು ತಣ್ಣಗಿರುವಾಗ ಮಾಡಿ. ಶಾಂಪೂ ನೀರಲ್ಲಿ ಆ ಜಾಗ ತೊಳೆದು, ಒಣಗಿಸಿ, ಹತ್ತಿಯನ್ನು ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲ್) ಅದ್ದಿ ಒರೆಸಿ, ಜಿಡ್ಡು ಇರಬಾರದು. ಎದ್ದು ನಿಂತ ಪೇಂಟ್ ಚೂರಿದ್ದರೆ ಉಗುರಿನಲ್ಲಿ ತೆಗೆಯಿರಿ. ತುಕ್ಕಿನ ಕೆಂಪು ಕಂಡರೆ ಪೂರ್ತಿ ಹೋಗುವ ತನಕ ಉಪ್ಪುಕಾಗದದಲ್ಲಿ ಉಜ್ಜಿ.

ಡಬ್ಬಿ ಜೊತೆ ಬರುವ ಬ್ರಶ್ ಬೇಡ, ದಪ್ಪ ಆಗುತ್ತದೆ. ಬೆಂಕಿಕಡ್ಡಿಯ ತುದಿಯನ್ನು ಬ್ಲೇಡಿನಲ್ಲಿ ಚೂಪು ಮಾಡಿ. ಪ್ರೈಮರ್‌ನಲ್ಲಿ ಅದ್ದಿ, ಗುಂಡಿಯ ಮಧ್ಯಕ್ಕೆ ಮುಟ್ಟಿಸಿ ಬಿಡಿ. ಎಳೆಯಬೇಡಿ, ಅದೇ ಅಂಚಿನ ತನಕ ಹರಿದು ನಿಲ್ಲುತ್ತದೆ. ಒಣಗಿದ ಮೇಲೆ ಹೀಗೇ ಬಣ್ಣ, ಒಂದೇ ಸಲಕ್ಕೆ ತುಂಬಬೇಡಿ. ಒಣಗಿದಾಗ ಪೇಂಟ್ ಕುಗ್ಗುತ್ತದೆ. ಮೂರು ನಾಲ್ಕು ತೆಳು ಹನಿ ಬೇಕಾಗುತ್ತದೆ, ನಡುವೆ ಒಂದೆರಡು ಗಂಟೆ ಬಿಡಿ. ಸುತ್ತಲಿನ ಪೇಂಟಿಗಿಂತ ಒಂದು ಕೂದಲಷ್ಟು ಮೇಲೆ ನಿಂತರೆ ಸಾಕು.

ಮೇಲೆ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಹನಿ ಬೇಕಾ ಅಂತ ತಿಳಿಯಲು, ಬಾನೆಟ್ ಮೂಲೆಯಲ್ಲಿ ಕಪ್ಪು ಬಟ್ಟೆಗೆ ಸ್ವಲ್ಪ ಪಾಲಿಶ್ ಹಾಕಿ ಉಜ್ಜಿ. ಬಟ್ಟೆಗೆ ಬಿಳಿ ಬಣ್ಣ ಹತ್ತಿದರೆ ನಿಮ್ಮ ಗಾಡಿಗೆ ಕ್ಲಿಯರ್ ಇಲ್ಲ, ಹಾಕುವುದೂ ಬೇಡ.

ಮೇಟಗಳ್ಳಿ ಪೇಂಟರ್

ಈಗ ದುಡ್ಡಿನ ಮಾತು. ಕಂಪನಿ ಪೇಂಟ್ ಎಲ್ಲಾ ಪದರ ಸೇರಿ ಸಾಮಾನ್ಯವಾಗಿ 100ರಿಂದ 120 ಮೈಕ್ರಾನ್ ಇರುತ್ತದೆ. ಒಂದು ಜೆರಾಕ್ಸ್ ಹಾಳೆಯ ದಪ್ಪ ಹೆಚ್ಚು ಕಡಿಮೆ ಅಷ್ಟೇ. ಸೆರಾಮಿಕ್ ಕೋಟಿಂಗ್ ಅದರ ಮೇಲೆ ಒಂದೆರಡು ಮೈಕ್ರಾನ್ ಕೂರುತ್ತದೆ. ನೀರು ಜಾರುತ್ತದೆ, ತೊಳೆಯುವುದು ಸುಲಭ, ಹೊಳಪು ಉಳಿಯುತ್ತದೆ. ಅದೆಲ್ಲ ನಿಜ. ಜಲ್ಲಿ ಏಟು ಮಾತ್ರ ಅದು ತಡೆಯಲ್ಲ. ಕಲ್ಲು ಬಿದ್ದರೂ ಏನೂ ಆಗಲ್ಲ ಅಂತ ಹೇಳಿ ಮಾರುವುದು ಸರಿಯಲ್ಲ.

ಪಿಪಿಎಫ್ ತಡೆಯುತ್ತದೆ. ಅದು ಪಾಲಿಯುರೆಥೇನ್ ಫಿಲ್ಮ್, 150ರಿಂದ 200 ಮೈಕ್ರಾನ್ ದಪ್ಪ. ರಬ್ಬರಿನ ಗುಣ ಇರುವುದರಿಂದ ಏಟನ್ನು ತಾನು ತಿಂದು ಹರಡಿಬಿಡುತ್ತದೆ. ಸಣ್ಣ ಗೀರು ಬಿದ್ದರೆ ಬಿಸಿಲಿಗೆ ತಾನೇ ಕೂಡಿಕೊಳ್ಳುತ್ತದೆ. ಪಿವಿಸಿ ಫಿಲ್ಮನ್ನೂ ಅದೇ ಹೆಸರಲ್ಲಿ ಕಡಿಮೆಗೆ ಕೊಡುವವರಿದ್ದಾರೆ, ಅದು ಬೇಗ ಹಳದಿಯಾಗಿ ಬಿರಿಯುತ್ತದೆ. ಬಿಳಿ ಗಾಡಿಯಲ್ಲಿ ಆ ಹಳದಿ ಎದ್ದು ಕಾಣುತ್ತದೆ. ಟಿಪಿಯು, ಅಂದರೆ ಪಾಲಿಯುರೆಥೇನ್ ಫಿಲ್ಮೇ ಬೇಕು ಅಂತ ಕೇಳಿ ಹಾಕಿಸಿ.

ಆದರೆ ದುಡಿಯುವ ಗಾಡಿಗೆ ಫುಲ್ ಬಾಡಿ ಯಾಕೆ? ಎಳನೀರು ಗೊನೆ ಎಸೆಯುವ ಹಿಂದಿನ ಬಾಡಿಗೆ ಲಕ್ಷ ಸುರಿಯಬೇಡಿ. ಏಟು ಬೀಳುವುದು ಎಲ್ಲಿ ಅಂತ ನೋಡಿ, ಅದರಲ್ಲಿ ತಗಡು ಯಾವುದು ಅಂತ ನೋಡಿ. ಪ್ಲಾಸ್ಟಿಕ್ ಭಾಗದಲ್ಲಿ ಪೇಂಟ್ ಹೋದರೆ ಅಂದ ಕೆಡುತ್ತದೆ, ತುಕ್ಕು ಹಿಡಿಯಲ್ಲ. ಹಾಗಾಗಿ ಬಾನೆಟ್ಟಿನ ಮುಂದಿನ ಒಂದೂವರೆ ಅಡಿ, ಗ್ಲಾಸಿನ ಎರಡೂ ಪಕ್ಕದ ಕಂಬ, ಟಾಪಿನ ಮುಂದಿನ ಅಂಚು, ಇಷ್ಟಕ್ಕೆ ಮಾತ್ರ ಹಾಕಿಸಿ. ಟಚಪ್, ಅಂದರೆ ಹನಿ ಇಟ್ಟು ಮುಚ್ಚುವ ಕೆಲಸ, ಮಾಡಿದ ಮೇಲೆ ಒಂದು ತಿಂಗಳು ಬಿಡಿ. ಹಸಿ ಪೇಂಟ್ ಮೇಲೆ ಫಿಲ್ಮ್ ಅಂಟಿಸಿದರೆ ಮುಂದೆ ಕೀಳುವಾಗ ಪೇಂಟೂ ಜೊತೆಗೆ ಬರುತ್ತದೆ.

ಪಾಂಡವಪುರದ ತಮ್ಮನಿಗೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಕ್ರ್ಯಾಶ್ ಗಾರ್ಡ್ ವಿರುದ್ಧ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ನಡೆದು ಹೋಗುವವರಿಗೆ ತಗುಲಿದರೆ ಪ್ರಾಣಕ್ಕೇ ಕುತ್ತು. ಪೈಪುಗಳ ಸಂದಿಯಲ್ಲಿ ಜಲ್ಲಿ ಸಲೀಸಾಗಿ ನುಗ್ಗುತ್ತದೆ ಕೂಡ. ರೆಕ್ಸಿನ್ ಕವರ್ ಒಳಗೆ ದೂಳು ಸೇರಿ, ಗಾಳಿಗೆ ಪಟಪಟ ಬಡಿದು, ಉಪ್ಪುಕಾಗದದ ಹಾಗೆ ಪೇಂಟ್ ಉಜ್ಜುತ್ತದೆ. ಮಳೆಗಾಲದಲ್ಲಿ ಅಡಿಯಲ್ಲಿ ತೇವ ನಿಲ್ಲುತ್ತದೆ. ನಿಮ್ಮ ಮಾವನಿಗೆ ಹೇಳಿ ಒಂದು ಸಲ ಬಿಚ್ಚಿಸಿ ನೋಡಿ.

ಮದ್ದೂರು ಎಳನೀರು

ಅಣ್ಣ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕೈ ಮುಗಿಯುತ್ತೇನೆ. ನಾಳೆಯೇ ಕೋಡ್ ತಗೊಂಡು ಹೋಗುತ್ತೇನೆ. ಒಂದು ಅನುಮಾನ. ಫಿಲ್ಮ್ ಹಾಕಿಸುವ ತನಕ ಅಗಲದ ಪ್ಯಾಕಿಂಗ್ ಟೇಪ್ ಅಂಟಿಸಿದರೆ ಹೇಗೆ? ಇನ್ನೊಂದು, ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಸ್ಪೀಡ್ ಜಾಸ್ತಿ, ಅಲ್ಲೇ ಏಟು ಜಾಸ್ತಿ ಅಲ್ವಾ? ಹಳೇ ರಸ್ತೆಯಲ್ಲೇ ಹೋಗಲಾ?

ಮೇಟಗಳ್ಳಿ ಪೇಂಟರ್

ಪ್ಯಾಕಿಂಗ್ ಟೇಪ್ ಬೇಡವೇ ಬೇಡ. ಮಂಡ್ಯದ ಬಿಸಿಲಿಗೆ ಒಂದು ವಾರದಲ್ಲಿ ಅಂಟು ಬೆಂದು ಕೂರುತ್ತದೆ. ಕೀಳಲು ಹೋದರೆ ಪ್ಲಾಸ್ಟಿಕ್ ಚೂರುಚೂರಾಗಿ ಬರುತ್ತದೆ, ಅಂಟು ಉಳಿದು ದೂಳು ಹಿಡಿಯುತ್ತದೆ.

ರಸ್ತೆ ವಿಷಯದಲ್ಲಿ ನೀವು ಅಂದುಕೊಂಡಿರುವುದು ಉಲ್ಟಾ. ಸ್ಪೀಡ್ ಎರಡು ಪಟ್ಟಾದರೆ ಏಟಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ, ನಿಜ. ಆದರೆ ಲೆಕ್ಕಕ್ಕೆ ಬರುವುದು ನಿಮ್ಮ ಸ್ಪೀಡ್ ಒಂದೇ ಅಲ್ಲ, ಕಲ್ಲು ನಿಮಗೆ ಬಂದು ಬಡಿಯುವ ಸ್ಪೀಡ್. ಎಕ್ಸ್‌ಪ್ರೆಸ್‌ವೇನಲ್ಲಿ ನಡುವೆ ಡಿವೈಡರ್ ಇದೆ, ಎದುರು ಗಾಡಿ ಇಲ್ಲ. ಮುಂದಿನ ಗಾಡಿಯೂ ನಿಮ್ಮ ದಿಕ್ಕಿಗೇ ಓಡುತ್ತಿರುತ್ತದೆ. ಮಳವಳ್ಳಿ ರಸ್ತೆಯಲ್ಲಿ ನೀವು 60, ಎದುರು ಟಿಪ್ಪರ್ 60 ಅಂದುಕೊಳ್ಳಿ. ಅದರಿಂದ ಉದುರಿದ ಕಲ್ಲು ನಿಮಗೆ 120ರಲ್ಲಿ ಬಡಿಯುತ್ತದೆ. ಟ್ರ್ಯಾಕ್ಟರ್ ಎಕ್ಸ್‌ಪ್ರೆಸ್‌ವೇ ಒಳಗೆ ಬರುವಂತಿಲ್ಲ, 2023ರ ಆಗಸ್ಟ್‌ನಿಂದ. ಗದ್ದೆಯಿಂದ ಎದ್ದ ಟ್ರ್ಯಾಕ್ಟರ್ ಚಕ್ರದ ಮಣ್ಣಿನಲ್ಲಿ ಎಷ್ಟು ಕಲ್ಲಿರುತ್ತದೆ ಅಂತ ನಿಮಗೆ ಗೊತ್ತು, ಅದೆಲ್ಲ ಬೀಳುವುದು ಸರ್ವಿಸ್ ರಸ್ತೆಗೆ.

ಹಾಗಾಗಿ ಎಕ್ಸ್‌ಪ್ರೆಸ್‌ವೇನಲ್ಲೇ ಹೋಗಿ, ಆದರೆ ಟಿಪ್ಪರ್ ಹಿಂದೆ ಅಂಟಿಕೊಂಡು ಹೋಗಬೇಡಿ. ಅದು ಒಂದು ಕಂಬ ದಾಟಿದ ಮೇಲೆ ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು ಅಂತ ಎಣಿಸಿ. ನೀವು ಆ ಕಂಬ ಮುಟ್ಟುವುದು ಅದಾದ ಮೇಲೆ ಇರಲಿ. 80ರಲ್ಲಿ ಮೂರು ಸೆಕೆಂಡ್ ಅಂದರೆ 65 ಮೀಟರ್ ಚಿಲ್ಲರೆ. ಚಕ್ರದಿಂದ ಎದ್ದ ಕಲ್ಲು ಅಷ್ಟರಲ್ಲಿ ನೆಲಕ್ಕೆ ಬಿದ್ದಿರುತ್ತದೆ. ಎದುರು ಟಿಪ್ಪರ್ ಕಂಡರೆ ಆದಷ್ಟು ಎಡಕ್ಕೆ ಸರಿದು ಸ್ಪೀಡ್ ಇಳಿಸಿ. 60ರಿಂದ 30ಕ್ಕೆ ಇಳಿದರೆ ಆ 120 ಅನ್ನೋದು 90 ಆಗುತ್ತದೆ, ಏಟು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಶ್ರೀರಂಗಪಟ್ಟಣ ಸೊಪ್ಪಿನ ಗಾಡಿ

ನನ್ನದೂ ಪಿಕಪ್, ಆರನೇ ವರ್ಷ. ಪೇಂಟರ್ ಅಣ್ಣ ಮುಂದಿನದೆಲ್ಲ ಹೇಳಿದ್ದಾರೆ. ಕೆಳಗಿನದು ನಾನು ಹೇಳುತ್ತೇನೆ. ನಿಮ್ಮ ಗಾಡಿಗೆ ಪೆಟ್ಟು ಕೊಡುವುದು ಬರೀ ಬೇರೆಯವರ ಟಿಪ್ಪರ್ ಅಲ್ಲ, ನಿಮ್ಮದೇ ಮುಂದಿನ ಚಕ್ರ. ಅದು ಎಸೆದ ಕಲ್ಲು ಬಾಗಿಲ ಕೆಳಗಿನ ಪಟ್ಟಿಗೆ ಬಡಿಯುತ್ತದೆ. ದಪ್ಪ ರಬ್ಬರ್ ಮಡ್ ಫ್ಲ್ಯಾಪ್ ನಾಲ್ಕೂ ಕಡೆ ಹಾಕಿಸಿ.

ಹಿಂದಿನ ಬಾಡಿ ನೆಲಕ್ಕೆ ರಬ್ಬರ್ ಮ್ಯಾಟ್ ಹಾಸಿ. ವಾರಕ್ಕೊಮ್ಮೆ ಎತ್ತಿ ನಿಲ್ಲಿಸಿ ಒಣಗಿಸಲೇಬೇಕು. ನಾನು ಮೊದಲ ಎರಡು ವರ್ಷ ಎತ್ತಲೇ ಇಲ್ಲ. ಸೊಪ್ಪಿನ ನೀರು ಅಡಿಯಲ್ಲಿ ನಿಂತು ಮೂಲೆ ತಿಂದುಬಿಟ್ಟಿತು.

ಮೇಟಗಳ್ಳಿ ಪೇಂಟರ್

ಸರಿಯಾಗಿ ಹೇಳಿದಿರಿ. ನನಗೂ ಎರಡು ವಿಷಯ ನೆನಪಾಯಿತು.

ಹೆಸರು, ದೇವರ ಸ್ಟಿಕ್ಕರ್ ಹಾಕಿಸುವಾಗ ಗಾಡಿ ಮೇಲೇ ಬ್ಲೇಡ್ ಎಳೆಯಲು ಬಿಡಬೇಡಿ. ಬೇರೆ ಕಡೆ ಕತ್ತರಿಸಿ ತಂದು ಅಂಟಿಸಲಿ. ಬ್ಲೇಡ್ ಪೇಂಟ್ ದಾಟಿ ತಗಡು ಮುಟ್ಟಿದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಗೆರೆಯಲ್ಲಿ ಕೆಂಪಗೆ ತುಕ್ಕು ಏಳುತ್ತದೆ. ಫಿಲ್ಮ್ ಹಾಕುವವರಿಗೂ ಇದೇ ಮಾತು ಹೇಳಿ.

ಇನ್ನು ಆಯುಧಪೂಜೆ. ಪೂಜೆ ಚೆನ್ನಾಗಿ ಮಾಡಿ, ಮೊದಲ ವರ್ಷದ ಗಾಡಿ. ಅರಿಶಿನ ಕುಂಕುಮವನ್ನು ಮಾತ್ರ ಸಾಯಂಕಾಲವೇ ನೀರು ಹಾಕಿ ತೊಳೆಯಿರಿ, ಬಿಳಿ ಪೇಂಟಿನಲ್ಲಿ ಕಲೆ ಇಳಿದರೆ ಪಾಲಿಶ್ ಹೊಡೆದರೂ ಪೂರ್ತಿ ಹೋಗಲ್ಲ. ದೃಷ್ಟಿಗೆ ಕಟ್ಟುವ ನಿಂಬೆಹಣ್ಣು ಮೆಣಸಿನಕಾಯಿ ಬಂಪರ್ ಕೆಳಗೆ ತೂಗಲಿ. ಮೇಲೆ ಕಟ್ಟಿದರೆ ಗಾಳಿಗೆ ಓಲಾಡಿ ಒಂದೇ ಜಾಗ ಉಜ್ಜುತ್ತದೆ, ಹುಳಿ ರಸವೂ ಇಳಿಯುತ್ತದೆ.

ಮದ್ದೂರು ಎಳನೀರು

ಎರಡು ತಿಂಗಳಾಯಿತು, ಹೇಳಿ ಹೋಗೋಣ ಅಂತ ಬಂದೆ. ಟಚಪ್ ನಾನೇ ಮಾಡಿದೆ, ಬೆಂಕಿಕಡ್ಡಿಯಲ್ಲೇ. ಟಾಪಿನದಕ್ಕೆ ನಾಲ್ಕು ಹನಿ ಹಿಡಿಯಿತು. ಬಟ್ಟೆಗೆ ಬಿಳಿ ಹತ್ತಿತು, ಹಾಗಾಗಿ ಕ್ಲಿಯರ್ ಹಾಕಲಿಲ್ಲ. ತಿಂಗಳು ಬಿಟ್ಟು ಬಾನೆಟ್ ಅಂಚು, ಕಂಬ, ಟಾಪ್ ಅಂಚಿಗೆ ಟಿಪಿಯು ಫಿಲ್ಮ್ ಹಾಕಿಸಿದೆ, 11,000 ಆಯಿತು. ಮಡ್ ಫ್ಲ್ಯಾಪ್ ನಾಲ್ಕೂ ಹಾಕಿಸಿದೆ. ಅಪ್ಪನೇ ನಿಂತು ಬೋಲ್ಟ್ ಬಿಗಿಸಿದರು.

ಮೊನ್ನೆ ಅದೇ ಮಳವಳ್ಳಿ ರಸ್ತೆ, ಮತ್ತೆ ಜಲ್ಲಿ ಟಿಪ್ಪರ್. ಎಡಕ್ಕೆ ಸರಿದು ನಿಧಾನ ಮಾಡಿದೆ. ಒಂದೇ ಏಟು ಬಿತ್ತು, ಬಾನೆಟ್ ಮೇಲೆ. ಫಿಲ್ಮಿನಲ್ಲಿ ಗುಂಡುಸೂಜಿ ತಲೆಯಷ್ಟು ತಗ್ಗು ಇದೆ. ಅಡಿಯಲ್ಲಿ ಪೇಂಟ್ ಎದ್ದಿಲ್ಲ. ಫಿಲ್ಮ್ ಬದಲಾಯಿಸಬೇಕಾ ಅಣ್ಣ?

ಮೇಟಗಳ್ಳಿ ಪೇಂಟರ್

ತುಂಬಾ ಸಂತೋಷ ಅಣ್ಣಾ. ಹರಿದಿಲ್ಲ ಅಂದರೆ ಬದಲಾಯಿಸುವುದು ಬೇಡ, ಅದರ ಕೆಲಸ ಅದು ಮಾಡಿದೆ. ಪ್ರೆಷರ್ ವಾಷ್ ಮಾಡಿಸುವಾಗ ನಾಜಲ್ಲನ್ನು ಫಿಲ್ಮ್ ಅಂಚಿಗೆ ಹತ್ತಿರ ಹಿಡಿಯಬೇಡಿ ಅಂತ ಹೇಳಿ, ಎದ್ದುಬಿಡುತ್ತದೆ. ಟಾಪಿನ ಟಚಪ್ ಮೇಲೆ ಒಂದು ಸಲ ಬೆರಳು ಆಡಿಸಿ. ಫಿಲ್ಮ್ ಅಡಿಯಲ್ಲಿ ಗುಳ್ಳೆ ಥರ ಏನಾದರೂ ಕೈಗೆ ಸಿಗುತ್ತದಾ?

ಮದ್ದೂರು ಎಳನೀರು

ಈಗಷ್ಟೇ ಹೋಗಿ ನೋಡಿ ಬಂದೆ ಅಣ್ಣ. ಏನೂ ಸಿಗಲಿಲ್ಲ, ನುಣ್ಣಗಿದೆ.