ಅಪ್‌ಡೇಟ್: ಸಹಾಯ ಮಾಡಿದ ಮಕ್ಕಳಿಗೆ ಬಹುಮಾನ ಕೊಡಬೇಕಾ?

ಬೀದಿ ಸ್ವಚ್ಛ ಮಾಡಲು, ಪಕ್ಕದ ಮನೆಯ ಅಜ್ಜಿಗೆ ನೆರವಾಗಲು ಮಕ್ಕಳು ಬರಬೇಕೆಂದರೆ ಏನಾದರೂ ಬಹುಮಾನ ಇರಲೇಬೇಕು ಅನ್ನುವುದು ನಮ್ಮ ಯಜಮಾನರ ವಾದ. ನನಗೆ ಅದು ಒಪ್ಪಿಗೆ ಇರಲಿಲ್ಲ. ಅದಕ್ಕೇ ನಿಮ್ಮನ್ನು ಕೇಳಿದ್ದೆ.

ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಒಬ್ಬರು ಹೇಳಿದ 2008ರ ಅಧ್ಯಯನವನ್ನು ಇವರಿಗೂ ಓದಿ ಹೇಳಿದೆ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ ಎಂಬ ಮನಶ್ಶಾಸ್ತ್ರಜ್ಞರು 20 ತಿಂಗಳ ಮಕ್ಕಳನ್ನು ಗಮನಿಸಿದ್ದರು. ದೊಡ್ಡವರ ಕೈಗೆ ಸಿಗದ ವಸ್ತುವನ್ನು ಎತ್ತಿಕೊಟ್ಟಾಗ ಕೆಲವು ಮಕ್ಕಳಿಗೆ ಆಟದ ವಸ್ತು, ಕೆಲವರಿಗೆ ಹೊಗಳಿಕೆ, ಉಳಿದವರಿಗೆ ಏನೂ ಇಲ್ಲ. ಆಮೇಲೆ ನೋಡಿದರೆ, ಆಟದ ವಸ್ತು ಸಿಕ್ಕಿದ್ದ ಮಕ್ಕಳು ಏನೂ ಸಿಗದವರಿಗಿಂತ ಕಡಿಮೆ ಸಹಾಯ ಮಾಡಿದರು! "ನಮ್ಮವು ಅಷ್ಟು ಚಿಕ್ಕ ಮಕ್ಕಳಲ್ವಲ್ಲ" ಅಂದರು ಇವರು. ಅದೂ ನಿಜವೇ. ಆದರೂ ಬಹುಮಾನ ಬೇಡ, ಕೆಲಸವನ್ನು ಅವರೇ ಆರಿಸಿಕೊಳ್ಳಲಿ ಎಂದು ತೀರ್ಮಾನವಾಯಿತು.

ಮಗಳು ಜನರ ಜೊತೆ ಬೆರೆಯುವುದು ಕಡಿಮೆ. ಈಗ ಯಾರು ಪೊರಕೆ ತರಬೇಕು, ಯಾರು ಚೀಲ ತರಬೇಕು ಅನ್ನುವ ಪಟ್ಟಿ ಪೂರ್ತಿ ಅವಳದ್ದೇ. ಮಗ ಪೊರಕೆ ಮುಟ್ಟುವುದಿಲ್ಲ, ಬಿಟ್ಟಿದ್ದೇವೆ. ಅವನು ಅಜ್ಜಿಗೆ ಪೇಪರ್ ಓದಿ ಹೇಳುತ್ತಾನೆ. ತಪ್ಪು ಓದಿದರೆ ಅಜ್ಜಿ ಬೈಯುತ್ತಾರೆ, ಇಬ್ಬರಿಗೂ ಅದೇ ಮಜಾ.

ಹೊಸ ತಲೆನೋವು ಒಂದಿದೆ. ಅಜ್ಜಿಯೇ ಅವನ ಜೇಬಿಗೆ ದುಡ್ಡು ತುರುಕುತ್ತಾರೆ. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಇದಕ್ಕೇನಾದರೂ ಉಪಾಯ ಇದ್ದರೆ ಹೇಳಿ.