ಪದಚರ್ಚೆ: ಹಸಿದ ಸೈನಿಕ ಸೋತು ಸೆರೆಯಾದ್ರೆ ಅದು ‘ದ್ರೋಹ’ನಾ? ಸರಿಯಾದ ಪದ ಬೇಕು

ಎಲ್ಲರಿಗೂ ನಮಸ್ಕಾರ. ಎರಡನೇ ಮಹಾಯುದ್ಧದ ಸೋವಿಯತ್ ಸೇನೆ ಬಗ್ಗೆ ಒಂದು ಲೇಖನ ಬರೀತಾ ಇದೀನಿ, ಊಟ ಮದ್ದುಗುಂಡು ತಲುಪದೆ, ಮೇಲಿನವರು ನೆಟ್ಟಗೆ ನಡೆಸದೆ ಹೋದಾಗ ಪಡೆಗಳ ನಿಷ್ಠೆ ಏನಾಯ್ತು ಅನ್ನೋದು ವಿಷಯ. ಪದಗಳ ಹತ್ರ ಬಂದು ಸಿಕ್ಕಾಕೊಂಡಿದೀನಿ.

ರಷ್ಯನ್‌ನಲ್ಲಿ ಒಂದೊಂದಕ್ಕೂ ಬೇರೆ ಪದ ಇದೆ. ತುಕಡಿ ಬಿಟ್ಟು ಓಡಿದವನು ‘ದೆಜೆರ್ತೀರ್’, ಶತ್ರು ಕಡೆ ಹೋಗಿ ಸೇರ್ಕೊಂಡವನು ‘ಪೆರೆಬೇಝ್ಚಿಕ್’, ಶತ್ರು ಸುತ್ತುವರಿದ ಜಾಗದಲ್ಲಿ ಸಿಕ್ಕಾಕೊಂಡವನು, ಅಲ್ಲಿಂದ ಹೇಗೋ ಹೊರಗೆ ಬಂದವನು ‘ಅಕ್ರುಝೇನೆತ್ಸ್’. ನಾವು ಮೊದಲನೇದಕ್ಕೆ ‘ಪಲಾಯನ ಮಾಡಿದವ’ ಅಂತೀವಿ, ಎರಡನೇದಕ್ಕೆ ‘ಪಕ್ಷಾಂತರಿ’ ಅಂದ್ರೆ ಓದೋರಿಗೆ ಎಮ್ಮೆಲ್ಲೆಗಳೇ ಕಣ್ಮುಂದೆ ಬರೋದು, ಮೂರನೇದಕ್ಕೆ ನಂಗಂತೂ ಏನೂ ಸಿಗ್ಲಿಲ್ಲ. ಕೊನೆಗೆ ಮೂವರೂ ‘ದ್ರೋಹಿ’ ಆಗ್ಬಿಡ್ತಾರೆ.

ಹೀಗೆ ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬೋ ಕೆಲಸ ಸ್ಟಾಲಿನ್ ಸರ್ಕಾರವೂ ಮಾಡ್ತು. 1941ರ ಆಗಸ್ಟ್ 16ರ 270ನೇ ಆದೇಶದ ಪ್ರಕಾರ ಶರಣಾದ ಕಮಾಂಡರ್ ಓಡಿಹೋದವನಿಗೆ ಸಮ, ಅವನ ಮನೆಯವರನ್ನ ಬಂಧಿಸಬೇಕು, ಸಾಮಾನ್ಯ ಸೈನಿಕ ಶರಣಾದ್ರೆ ಮನೆಯವರಿಗೆ ಸರ್ಕಾರದ ನೆರವು ಬಂದ್. ಮುಂದಿನ ತಿಂಗಳೇ ಕೀವ್ ಹತ್ರ ಹಿಂದಕ್ಕೆ ಬರೋಕೆ ಅನುಮತಿ ಕೊಡೋದನ್ನ ಮಾಸ್ಕೋ ತಡ ಮಾಡ್ತು, ಲಕ್ಷಗಟ್ಟಲೆ ಜನ ಸೆರೆಸಿಕ್ಕಿದ್ರು. ಇದ್ರಲ್ಲಿ ಆ ಸೈನಿಕ ಯಾರಿಗೆ ದ್ರೋಹ ಬಗೆದ ಹಾಗಾಯ್ತು?

ನನ್ನ ಲೇಖನದ ಮುಖ್ಯ ಭಾಗ ಲೆನಿನ್‌ಗ್ರಾಡ್ ಹತ್ರದ ವೋಲ್ಖೊವ್ ನದಿ ಕಡೆಯ ಸೋವಿಯತ್ 2ನೇ ಶಾಕ್ ಆರ್ಮಿ ಕತೆ. (‘ಆಘಾತ ಸೇನೆ’ ಅಂತ ಬರೆದಿರೋದು ನೋಡಿದೀನಿ, ಏಟು ತಿಂದ ಸೇನೆ ಅನ್ಸುತ್ತೆ, ಮೂಲದಲ್ಲಿರೋದು ಏಟು ಹಾಕೋ ಸೇನೆ.) 1942ರ ಜನವರಿಲಿ ಲೆನಿನ್‌ಗ್ರಾಡ್‌ಗೆ ಜರ್ಮನ್ನರು ಹಾಕಿದ್ದ ಮುತ್ತಿಗೆ ಒಡೆಯೋಕೆ ಇವರನ್ನ ಕಾಡು, ಜವುಗು ಇರೋ ಕಡೆ ನುಗ್ಗಿಸಿದ್ರು, ಒಳಗೆ ಹೋಗೋಕೆ ಹೊರಗೆ ಬರೋಕೆ ಇದ್ದಿದ್ದು ಮ್ಯಾಸ್ನೊಯ್ ಬೋರ್ ಹತ್ರ ಒಂದು ಸಣ್ಣ ಓಣಿ. ಮಾರ್ಚ್‌ನಲ್ಲಿ ಜರ್ಮನ್ನರು ಅದನ್ನ ಮುಚ್ಚಿದ್ರು, ಮತ್ತೆ ತೆಗೆದ್ರೂ ಕಿರಿದಾಗೇ ಉಳೀತು. ಹಿಮ ಕರಗಿ ದಾರಿ ಕೆಸರಾಯ್ತು, ಮರದ ದಿಮ್ಮಿ ಜೋಡಿಸಿ ಅದರ ಮೇಲೆ ಗುಂಡುಗಳನ್ನ ಬೆನ್ನ ಮೇಲೆ ಹೊತ್ತು ತಂದ್ರು, ಚಳಿಗಾಲದಲ್ಲಿ ಸತ್ತ ಕುದುರೆಗಳನ್ನ ಹುಡುಕಿ ಬೇಯಿಸಿ ತಿಂದ್ರು, ಅದಕ್ಕೆ ಹಾಕೋಕೆ ಉಪ್ಪೂ ಇರ್ಲಿಲ್ಲ. ಅದೇ ಹೊತ್ತಿಗೆ ಏಪ್ರಿಲ್ 23ಕ್ಕೆ ಇವರ ಮೇಲಿದ್ದ ವೋಲ್ಖೊವ್ ಫ್ರಂಟ್ (ಫ್ರಂಟ್ ಅಂದ್ರೆ ಹಲವು ಸೇನೆಗಳ ಗುಂಪು) ಅನ್ನೇ ರದ್ದು ಮಾಡಿ ಲೆನಿನ್‌ಗ್ರಾಡ್ ಫ್ರಂಟ್ ಕೈಗೆ ಕೊಟ್ಟು ಅದರ ಕಮಾಂಡರ್ ಆಗಿದ್ದ ಮೆರೆತ್ಸ್ಕೊವ್‌ರನ್ನ ತೆಗೆದ್ರು, ಜೂನ್ 8ಕ್ಕೆ ಮತ್ತೆ ವಾಪಸ್ ಕರೆದ್ರು, ಅಷ್ಟೊತ್ತಿಗೆ ಓಣಿ ಮುಚ್ಚಿಹೋಗಿತ್ತು.

ಇಲ್ಲಿ ನಂಗೆ ನಮ್ಮ ಶಾಸನಗಳ ‘ಜೋಳವಾಳಿ’ ನೆನಪಾಯ್ತು. ಒಡೆಯನ ಜೋಳ ಉಂಡಿದೀನಿ, ಅವನಿಗಾಗಿ ಸಾಯ್ತೀನಿ ಅನ್ನೋ ಕಟ್ಟುಪಾಡು. ‘ನಿಷ್ಠೆ’ ಅಂದ್ರೆ ಪೂರ್ತಿ ಭಾರ ಆಳಿನ ಮೇಲೆ, ‘ಜೋಳವಾಳಿ’ ಅಂದ್ರೆ ಜೋಳ ಕೊಡೋ ಒಡೆಯನೂ ಲೆಕ್ಕಕ್ಕೆ ಬರ್ತಾನೆ, ‘ಉಪ್ಪಿನ ಋಣ’ವೂ ಹಾಗೇ. ಆದ್ರೆ ಇದನ್ನ ಹಾಗೇ ತಂದು ಕೂರಿಸೋಕೂ ಮನಸ್ಸು ಒಪ್ಪಲ್ಲ, ಯಾಕಂದ್ರೆ ಜೋಳ ನಿಂತ ಮೇಲೂ ಆ ಜನ ಜೂನ್ 24-25ರ ರಾತ್ರಿ ಗುಂಡಿನ ಮಳೇಲಿ ತಮ್ಮವರ ಕಡೆಗೇ ನುಗ್ಗಿದ್ರು. ಜರ್ಮನ್ನರ ಜೊತೆ ಸೇರಿದ್ದು ಅವರ ಕಮಾಂಡರ್ ವ್ಲಾಸೊವ್, ಜುಲೈ 12ಕ್ಕೆ ಸೆರೆಸಿಕ್ಕ ಮೇಲೆ. ಆಮೇಲೆ ‘ವ್ಲಾಸೊವೆತ್ಸ್’ ಅಂದ್ರೆ ದ್ರೋಹಿ ಅಂತಲೇ ಅರ್ಥ ಆಗಿ, ಕಾದಾಡಿ ಸತ್ತವರ ಮೇಲೂ ಆ ಮಸಿ ಹತ್ತಿತು. ಇದು ನಂಗೆ ತುಂಬಾ ಹೊಟ್ಟೆ ಉರಿಸಿದ ವಿಷಯ.

ಇನ್ನೊಂದು ಪದ ‘ಹೀವಿ’, ಜರ್ಮನ್ ಸೇನೆಗೆ ಕೆಲಸ ಮಾಡಿದ ಸೋವಿಯತ್ ಜನರಿಗೆ ಜರ್ಮನ್ನರು ಇಟ್ಟ ಹೆಸರು, ಮನಸಾರೆ ನೆರವಾಗೋನು ಅಂತ ಅರ್ಥ. 1942ರ ಫೆಬ್ರವರಿ ಹೊತ್ತಿಗೆ ಜರ್ಮನ್ನರ ಸೆರೆಯಲ್ಲಿ ಹಸಿವು, ಚಳಿ, ರೋಗ, ಗುಂಡೇಟಿಗೆ ಸುಮಾರು 20 ಲಕ್ಷ ಸೋವಿಯತ್ ಸೈನಿಕರು ಸತ್ತಿದ್ರು. ಒಂದು ತಟ್ಟೆ ಗಂಜಿಗೆ ಒಪ್ಪಿಕೊಂಡವನನ್ನ ‘ಸ್ವಯಂಸೇವಕ’ ಅಂತ ಅನುವಾದ ಮಾಡೋಕೆ ನನ್ನ ಕೈ ಬರ್ತಿಲ್ಲ.

ಸದ್ಯಕ್ಕೆ ‘ಪಡೆಗಳ ನಿಷ್ಠೆ ಕುಸಿಯಿತು’ ಅನ್ನೋ ಕಡೆ ‘ಪಡೆಯ ಕಟ್ಟು ಬಿಚ್ಚಿಹೋಯ್ತು’ ಅಂತ ಬರ್ಕೊಂಡಿದೀನಿ, ಕಟ್ಟಿದವನ ತಪ್ಪೂ ಅದರಲ್ಲಿ ಕಾಣುತ್ತೆ ಅಂತ. ಅಕ್ರುಝೇನೆತ್ಸ್‌ಗೆ ‘ಮುತ್ತಿಗೆ ದಾಟಿದವ’, ಪೆರೆಬೇಝ್ಚಿಕ್‌ಗೆ ‘ಅತ್ತ ಸೇರಿದವ’. ‘ಕಟ್ಟು’ ನಿಮ್ಮ ಕಡೆ ಈ ಅರ್ಥದಲ್ಲಿ ತಿಳಿಯುತ್ತಾ? ಧಾರವಾಡ, ಕಲಬುರ್ಗಿ ಕಡೆಯವರು, ಮನೇಲಿ ಫೌಜಿನವರು ಇರೋರು, ಬಿಟ್ಟು ಓಡಿಬಂದವನಿಗೂ ಸಿಕ್ಕಿಬಿದ್ದವನಿಗೂ ಬೇರೆ ಬೇರೆ ಮಾತು ಏನಾದ್ರೂ ಬಳಸ್ತಿದ್ರೆ ದಯವಿಟ್ಟು ತಿಳಿಸಿ.