ವಿತಾಲ್ ಬ್ರಜಿಲ್ ಸೀರಮ್ಮಿಗೂ ನಮ್ಮ ತೋಟದ ಗುಳಿಮಂಡಲಕ್ಕೂ ಏನು ಸಂಬಂಧ?

ಕಾಫಿಕಣಿವೆ (ಪ್ರಶ್ನೆ):
ಹಾವಿನ ವಿಷಕ್ಕೆ ಸೀರಮ್ ಎಂದರೆ ಎಲ್ಲರೂ ಫ್ರಾನ್ಸಿನ ವಿಜ್ಞಾನಿ ಕಾಲ್ಮೆಟ್ ಹೆಸರು ಹೇಳುತ್ತಾರೆ. ಬ್ರೆಜಿಲಿನ ವಿತಾಲ್ ಬ್ರಜಿಲ್ ಈ ಕೆಲಸಕ್ಕಿಳಿದದ್ದು ಕಾಫಿ ಸೀಮೆಯಲ್ಲಿ ಎಂದು ಓದಿದೆ. ಅವರು ಹೊಸದಾಗಿ ಕಂಡುಕೊಂಡದ್ದೇನು? ಮಡಿಕೇರಿ, ವಿರಾಜಪೇಟೆ ಕಡೆ ಗುಳಿಮಂಡಲ ಹಾವು (ಪಿಟ್ ವೈಪರ್) ಕಚ್ಚಿದರೆ "ಆ ಇಂಜೆಕ್ಷನ್ ಇದಕ್ಕಲ್ಲ" ಎನ್ನುತ್ತಾರಲ್ಲ, ಅದಕ್ಕೂ ಇದಕ್ಕೂ ನಂಟಿದೆಯೇ?

ಸೀರಮ್‌ಶಾಸ್ತ್ರ:
ನೇರ ನಂಟು. ಕಾಲ್ಮೆಟ್ ವಿಯೆಟ್ನಾಮಿನ ಸೈಗಾನಿನಲ್ಲಿ ನಾಗರಹಾವಿನ ವಿಷದ ಅಧ್ಯಯನ ಶುರುಮಾಡಿ, ಫ್ರಾನ್ಸಿಗೆ ಮರಳಿದ ಮೇಲೆ ಸೀರಮ್ ತಯಾರಿಸಿದರು. ಒಂದೇ ಸೀರಮ್ ಎಲ್ಲ ಹಾವಿಗೂ ಸಾಕೆಂಬುದು ಅವರ ನಂಬಿಕೆ. ವಿತಾಲ್ ಬ್ರಜಿಲ್ (1865–1950) 1890ರ ದಶಕದಲ್ಲಿ ಸಾವೊ ಪಾಲೊ ಒಳನಾಡಿನ ಬೊತುಕಾತುವಿನಲ್ಲಿ ವೈದ್ಯರಾಗಿದ್ದರು. ಕಾಡು ಕಡಿದು ಕಾಫಿ ಹಾಕುತ್ತಿದ್ದ ಕಾಲ, ಕಚ್ಚಿಸಿಕೊಳ್ಳುತ್ತಿದ್ದವರು ಹೆಚ್ಚಾಗಿ ದುಡಿಯುವವರೇ. ಅಲ್ಲಿಯ ಜರಾರಾಕ (ನಮ್ಮ ಗುಳಿಮಂಡಲಗಳ ಬಳಗದ್ದೇ) ಮತ್ತು ಬುಡುಬುಡಿಕೆ ಹಾವಿನ ವಿಷಕ್ಕೆ ಕಾಲ್ಮೆಟ್ ಸೀರಮ್ ನಾಟಲಿಲ್ಲ. ಒಂದರ ವಿಷದಿಂದ ಮಾಡಿದ ಸೀರಮ್ ಇನ್ನೊಂದಕ್ಕೆ ಆಗದು ಎಂದು ಅವರು ಪ್ರಯೋಗದಲ್ಲಿ ತೋರಿಸಿದರು.

1899ರಲ್ಲಿ ಸಾಂತೋಸ್ ಬಂದರಿಗೆ ಪ್ಲೇಗ್ ಬಂತು. ಪ್ಲೇಗ್ ಸೀರಮ್ಮಿಗೆಂದು ಬುತಾಂತಾ ಜಮೀನಿನಲ್ಲಿ ತೆರೆದ ಪ್ರಯೋಗಾಲಯವೇ 1901ರಲ್ಲಿ ಸಂಸ್ಥೆಯಾಯಿತು, ಅವರು ಅದರ ಮೊದಲ ನಿರ್ದೇಶಕರು. ಅಲ್ಲಿ ಎರಡು ವಿಷಕ್ಕೂ ಬೇರೆ ಬೇರೆ ಸೀರಮ್, ಕಚ್ಚಿದ್ದು ಯಾವುದೆಂದು ತಿಳಿಯದಿದ್ದರೆ ಎರಡೂ ಬೆರೆತದ್ದು. ರೈತರು ಹಾವು ಹಿಡಿದು ಪೆಟ್ಟಿಗೆಯಲ್ಲಿ ರೈಲಿಗೆ ಹಾಕಿದರೆ ಬದಲಿಗೆ ಸೀರಮ್ ಬರುತ್ತಿತ್ತು. ಈ ವಿನಿಮಯವನ್ನು ನಾನು ಅವರ ಪ್ರಯೋಗದಷ್ಟೇ ದೊಡ್ಡದೆಂದು ಎಣಿಸುತ್ತೇನೆ, ಸ್ಥಳೀಯ ವಿಷ ಕೈಸೇರಿದ್ದೇ ಅದರಿಂದ.

ಮಳೆನಾಡು_ವಾರ್ಡ್:
ಈಗ ಕೊಡಗಿನ ಮಾತು. ನಮ್ಮಲ್ಲಿ ಸಿಗುವ ಹಾವಿನ ವಿಷದ ಸೀರಮ್, ಅಂದರೆ ಎಎಸ್‌ವಿ ನಾಲ್ಕು ಹಾವಿನ ವಿಷಕ್ಕೆ ಮಾತ್ರ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕಾಫಿ ಗಿಡದ ಮೇಲೆ ಕೂರುವ ಮಲಬಾರ್ ಗುಳಿಮಂಡಲವಾಗಲೀ ತರಗೆಲೆಯಡಿಯ ಉಬ್ಬುಮೂಗಿನ ಗುಳಿಮಂಡಲವಾಗಲೀ ಅದರಲ್ಲಿಲ್ಲ. ಉಬ್ಬುಮೂಗಿನದನ್ನು ಚಿಕ್ಕದೆಂದು ಕಡೆಗಣಿಸಬೇಡಿ. ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ, ಕೆಲವರಿಗೆ ಡಯಾಲಿಸಿಸ್ ಬೇಕಾಗುತ್ತದೆ. ಇದಕ್ಕೆ ಎಎಸ್‌ವಿ ಏರಿಸಿದರೆ ಉಪಯೋಗವಿಲ್ಲ, ಅಲರ್ಜಿಯ ಅಪಾಯ ಮಾತ್ರ. ಮೂತ್ರದ ಪ್ರಮಾಣ, ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತಿಳಿಸುವ ರಕ್ತಪರೀಕ್ಷೆ) ಕೆಲವು ದಿನ ನೋಡುತ್ತಿರಬೇಕು.

ಆದರೆ ಕೊಳಕುಮಂಡಲವೂ ರಕ್ತವನ್ನೇ ಕೆಡಿಸುತ್ತದೆ. ಹಾವಿನ ಗುರುತು ಖಚಿತವಿಲ್ಲದೆ "ಗುಳಿಮಂಡಲ ಇರಬೇಕು" ಎಂದು ಎಎಸ್‌ವಿ ತಡೆಯುವುದು ಇನ್ನೂ ಅಪಾಯ. ದೂರದಿಂದ ಫೋನಿನಲ್ಲಿ ಫೋಟೋ ಸಿಕ್ಕರೆ ಸಾಕು. ಹೊಡೆಯಲು, ಹಿಡಿಯಲು ಹೋಗಬೇಡಿ.

ಕಾಫಿಕಣಿವೆ:
ಹೆಪ್ಪುಗಟ್ಟುತ್ತದೋ ಇಲ್ಲವೋ ಎಂದು ಸಣ್ಣ ಆಸ್ಪತ್ರೆಯಲ್ಲಿ ಹೇಗೆ ತಿಳಿಯುತ್ತಾರೆ?

ಮಳೆನಾಡು_ವಾರ್ಡ್:
20 ನಿಮಿಷದ ಪರೀಕ್ಷೆ. ಹೊಸ, ಒಣಗಿದ ಗಾಜಿನ ನಳಿಕೆಗೆ 2–3 ಮಿ.ಲೀ. ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಬಿಟ್ಟು, ಒಮ್ಮೆ ಬಾಗಿಸಿ ನೋಡುವುದು. ಹರಿದರೆ ಹೆಪ್ಪುಗಟ್ಟಿಲ್ಲ. ತಪ್ಪುವುದು ನಳಿಕೆಯಲ್ಲಿ: ಪ್ಲಾಸ್ಟಿಕ್ ಆದರೆ, ಅಥವಾ ಡಿಟರ್ಜೆಂಟಿನಲ್ಲಿ ತೊಳೆದ ಗಾಜಾದರೆ, ಸರಿಯಿರುವ ರಕ್ತವೂ ಹೆಪ್ಪುಗಟ್ಟದೆ ಉಳಿದು ಬೇಡದ ಎಎಸ್‌ವಿ ಏರಿಬಿಡುತ್ತದೆ. ಎಎಸ್‌ವಿ ಬೇಕೆಂದಾದರೆ ಮೊದಲ ಪ್ರಮಾಣ ಸಾಮಾನ್ಯವಾಗಿ 8–10 ವಯಲ್ (ಔಷಧದ ಸಣ್ಣ ಸೀಸೆ), ಸಲೈನಿನಲ್ಲಿ ಸುಮಾರು ಒಂದು ಗಂಟೆ. ಮಕ್ಕಳಿಗೂ ಅಷ್ಟೇ, ಹಾವು ಮಕ್ಕಳಿಗೆಂದು ವಿಷ ಕಡಿಮೆ ಬಿಡುವುದಿಲ್ಲ. ಎಎಸ್‌ವಿ ಪುಡಿಯನ್ನು ಕುಲುಕಬಾರದು, ನೊರೆ ಬರುತ್ತದೆ. ಮೆಲ್ಲಗೆ ತಿರುಗಿಸಿ ಕರಗಿಸಬೇಕು. ಅಲರ್ಜಿಯಾದರೆ ಕೊಡಲು ಅಡ್ರಿನಲಿನ್ ಸಿರಿಂಜಿನಲ್ಲಿ ತುಂಬಿ ಪಕ್ಕದಲ್ಲೇ ಇರಲಿ. ರಕ್ತ ಆರು ಗಂಟೆಯ ನಂತರವೂ ಹೆಪ್ಪುಗಟ್ಟದಿದ್ದರೆ ಮತ್ತೊಂದು ಸುತ್ತು.

ಸೀರಮ್‌ಶಾಸ್ತ್ರ:
ಒಂದು ಸೇರಿಸುತ್ತೇನೆ. ಭಾರತದ ಎಎಸ್‌ವಿಗೆ ಬೇಕಾದ ವಿಷ ಬಹುಪಾಲು ಬರುವುದು ತಮಿಳುನಾಡಿನ ಇರುಳರ (ಹಾವು ಹಿಡಿಯುವ ಬುಡಕಟ್ಟಿನವರ) ಸಹಕಾರ ಸಂಘದಿಂದ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶಕ್ಕೆ ತಕ್ಕಂತೆ ಬೇರೆಯಾಗುತ್ತದೆ. ಹಾಗಾಗಿ ಪಶ್ಚಿಮಘಟ್ಟದ ಗುಳಿಮಂಡಲಗಳ ವಿಷ ತೆಗೆದು ಕುದುರೆಗೆ ಕೊಟ್ಟು ಸೀರಮ್ ಮಾಡುವವರೆಗೆ ನಮ್ಮ ಕೂಲಿಯವರ ಪಾಡು 1890ರ ದಶಕದ ಬೊತುಕಾತುವಿನದೇ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆಯ ಪಟ್ಟಿಗೆ ಸೇರಿಸಿದೆ. ತೋಟದಲ್ಲಿ ಕಡಿತವಾದಾಗಲೆಲ್ಲ ಆಸ್ಪತ್ರೆಯಲ್ಲಿ ಹಾವಿನ ಹೆಸರನ್ನೂ ಬರೆಸಿ.